ಗುಂಗುರು ಮದುಮಗಳು

ಮದುವೆಯ ಬೆಳಿಗ್ಗೆ ಸಿದ್ದಿ ಹುಡುಗಿ ಯಲ್ಲಾಪುರದ ಪಾರ್ಲರಿನಲ್ಲಿ ಕೂತಿದ್ದಳು.

“ಅಕ್ಕಾ, ನನ್ನ ಹುಟ್ಟುಗುಂಗುರು ಹಂಗೇ ಇರ್ಲಿ. ಸುತ್ತ ಅಬ್ಬಲಿಗೆ ಹೂವಿನ ದಂಡೆ ಮುಡಿಸಿ, ಸಾಕು.”

“ಮದ್ವೆ ದಿನಾನೂ ಈ ಪೊದೆಯಾ? ಸುಮ್ನೆ ಕೂತ್ಕೋ ತಂಗಿ,” ಎನ್ನುತ್ತ ಬ್ಯೂಟಿಷಿಯನ್ ಬಿಸಿ ಸ್ಟ್ರೈಟ್ನರಿನಲ್ಲಿ ಎಳೆದೆಳೆದು ಕೂದಲನ್ನೆಲ್ಲ ಪೊರಕೆಕಡ್ಡಿಯಂತೆ ನೇರ ಮಾಡಿದಳು.

ಕನ್ನಡಿ ನೋಡಿದ ಹುಡುಗಿ ಅತ್ತೇಬಿಟ್ಟಳು. “ಇದು ನಾನಲ್ಲ! ಮದುಮಗನಿಗೆ ನನ್ನ ಗುರ್ತೇ ಸಿಗೂದಿಲ್ಲ!”

ಮುಹೂರ್ತ ಹತ್ತಿರವಾಗಿತ್ತು. “ಅಳ್ಬೇಡ. ದೊಡ್ಡ ದೊಡ್ಡವರಿಗೆ ಮಾತ್ರ ಮಾಡೋ ಸ್ಟೈಲ್ ಒಂದಿದೆ,” ಎಂದು ಬ್ಯೂಟಿಷಿಯನ್ ಅವಳ ತಲೆಗೆ ನೀರು ಚಿಮುಕಿಸಿದಳು. ಕೂದಲು ಒಂದೊಂದೇ ಸುರುಳಿ ಸುತ್ತಿಕೊಂಡು ಮೊದಲಿನಂತಾಯಿತು. ಅದಕ್ಕೆ ದಂಡೆ ಮುಡಿಸಿ, ಕನ್ನಡಿ ಹಿಡಿದು ಬೀಗಿದಳು:

“ಒಂದೆಳೆಯಾದ್ರೂ ಆರ್ಟಿಫಿಷಿಯಲ್ ಅನ್ನಿಸ್ತದಾ, ಹೇಳು?”