ಗುರುವಿನ ದಿನದ ದೀಪ

ಮೇಣದ ಬತ್ತಿ ಆರಿದ ವಾಸನೆ ಬಂದರೆ ಈಗಲೂ ನನ್ನ ಕಿವಿ ಜೀಪಿನ ಸದ್ದಿಗೆ ಕಾಯುತ್ತದೆ.

ನೆಲ್ಯಹುದಿಕೇರಿಯ ಹೋಂಸ್ಟೇಯಲ್ಲಿ ನನ್ನ ಅಜ್ಜಿ ಅಡುಗೆ ಮಾಡುತ್ತಿದ್ದಳು, ನಾನೂ ಜೊತೆಗಿರುತ್ತಿದ್ದೆ. ಇಸ್ರೇಲಿನಿಂದ ಬಂದಿದ್ದ ಮುದುಕರೊಬ್ಬರು ತಮ್ಮ ಯಹೂದಿ ಗುರುವಿನ ಪುಣ್ಯತಿಥಿಯೆಂದು ಗಾಜಿನ ಲೋಟದಲ್ಲಿ ಮೇಣದ ದೀಪ ಹಚ್ಚಿದ್ದರು. ಸಂಜೆವರೆಗೂ ಅದು ಆರಬಾರದೆಂದು ನಮಗೆ ಹೇಳಿ ಜೀಪು ಹತ್ತಿದರು.

ಮಧ್ಯಾಹ್ನ ದೀಪ ಸಣ್ಣಗಾಯಿತು. "ಎಣ್ಣೆ ಸಾಲ್ತಿಲ್ಲ ಕಣೇ, ಪಾಪ," ಎಂದು ಅಜ್ಜಿ ಕೊಬ್ಬರಿ ಎಣ್ಣೆ ಸುರಿದಳು. ಬತ್ತಿ ಮುಳುಗಿ ಆರಿಹೋಯಿತು.

ನಾನು ಕಡ್ಡಿ ಗೀರಿ ಗೀರಿ ಸೋತೆ. ಅಜ್ಜಿ ದೇವರ ಮುಂದಿನ ಹಣತೆಯನ್ನೇ ತಂದು ಲೋಟದ ಪಕ್ಕ ಇಟ್ಟಳು. "ಬೈತಾರೇನೋ ಮಾರಾಯ್ತಿ," ಎಂದು ಹತ್ತು ಸಲ ಬಾಗಿಲಿಗೆ ಹೋಗಿ ಬಂದಳು.

ಮುದುಕರು ಬಂದು ಲೋಟ ಮೂಸಿ ನೋಡಿದರು. ಹಣತೆಯ ಮುಂದೆ ಪ್ರಾರ್ಥನೆಗೆ ಕೂತರು. ಅದೂ ಸಣ್ಣಗಾಗುತ್ತ ಬಂದಾಗ, ಎಣ್ಣೆ ಸೀಸೆ ಹಿಡಿದಿದ್ದ ಅಜ್ಜಿ ಅವರ ಕೋಣೆಯ ಹೊಸಿಲು ದಾಟಲಿಲ್ಲ. ಅವರೇ ತಿರುಗಿ ಕೈಸನ್ನೆ ಮಾಡಿ ಕರೆದರು.