ಕಲಿಸಿದವರ ಹೆಸರು

ಧಾರವಾಡದ ಆ ಲ್ಯಾಬಿನಲ್ಲಿ ಬೆಳಿಗ್ಗೆ ಕಿಟಕಿಯನ್ನು ಜೋಪಾನವಾಗಿ ತೆರೆಯಬೇಕು. ತಂತಿಬಲೆಯ ಮೇಲೆ ಬೆಳೆಯುತ್ತಿರುವ ಮನುಷ್ಯಚರ್ಮದ ಹಾಳೆಗಳಿಗೆ ಚಳಿ ತಾಗಿದರೆ ಮುಳ್ಳೇಳುತ್ತವೆ. ಆಮೇಲೆ ಅರ್ಧ ತಾಸು ಅವು ಆಹಾರ ಮುಟ್ಟುವುದಿಲ್ಲ.

ಮನೆತನದಲ್ಲೇ ಮೊದಲ ಸಲ ಕಾಲೇಜು ಕಂಡವರಿಗೆಂದು ಅಲ್ಲಿ ಇಟ್ಟಿದ್ದ ಆರು ಜಾಗಗಳಲ್ಲಿ ಒಂದು ಬಿ.ಎಸ್ಸಿ. ಓದುವ ಕಸ್ತೂರಿಗೆ ಸಿಕ್ಕಿತ್ತು. ಅರ್ಜಿಯಲ್ಲಿ ತಂದೆಯ ಉದ್ಯೋಗ 'ವ್ಯಾಪಾರ' ಎಂದು ಬರೆದಿದ್ದಳು.

ಅಂದು ಮೈ ಸುಟ್ಟುಕೊಂಡ ಮಗುವೊಂದಕ್ಕೆ ಏಳನೆಯ ಹಾಳೆ ಹೋಗಬೇಕಿತ್ತು. ಪರೀಕ್ಷಿಸಿದ ಯಂತ್ರ ಹಾಳೆ ಸರಿಯಿದೆ ಎಂದಿತ್ತು. ಕಸ್ತೂರಿ ಹಾಳೆಯ ಅಂಚು ಮಡಿಸಿ, ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು.

"ಮೇಡಂ, ಇದು ಹೊಲಿಗಿ ತಡಿಯಂಗಿಲ್ರಿ."

ಲ್ಯಾಬಿನ ಮುಖ್ಯಸ್ಥೆ ಇಂದುಮತಿ ಮೇಡಂ ಹಾಳೆಯ ಮೂಲೆಯಲ್ಲೊಂದು ಹೊಲಿಗೆ ಹಾಕಿ ಎಳೆದರು. ಹಾಳೆ ಹರಿಯಿತು.

"ಯಾರು ಕಲಿಸ್ಯಾರ ನಿನಗ?"

ಕಸ್ತೂರಿ ನೆಲ ನೋಡಿದಳು. "ನಮ್ಮಪ್ಪರಿ. ಅಥಣ್ಯಾಗ ಚಪ್ಪಲಿ ಹೊಲೀತಾನ್ರಿ."

ಹಾಳೆ ಪರೀಕ್ಷಿಸುವ ಹೊಸ ವಿಧಾನ ದಾಖಲಿಸುವಾಗ ಅದನ್ನು ಕಲಿಸಿದ ಗುರುವಿನ ಹೆಸರು ಬರೆಯುವುದು ಅಲ್ಲಿಯ ಪದ್ಧತಿ. ಮೇಡಂ ಪುಸ್ತಕವನ್ನು ಅವಳತ್ತ ಸರಿಸಿದರು. "ಬರಿ ಮತ್ತ."

'ದುರ್ಗಪ್ಪ' ಎಂದು ಬರೆದಳು. ಪಕ್ಕದಲ್ಲಿ ವಿದ್ಯಾರ್ಹತೆಯ ಖಾನೆಯಿತ್ತು. ಪೆನ್ನು ತುಸು ಹೊತ್ತು ಅಲ್ಲೇ ನಿಂತಿತು. ಆಮೇಲೆ ದುಂಡಗಿನ ಅಕ್ಷರಗಳಲ್ಲಿ ತುಂಬಿದಳು: 'ಚಪ್ಪಲಿ ಹೊಲಿಗೆ, ನಲವತ್ತು ವರ್ಷ.'