ಕೊನೆಯ ದಿನ ಬರಲಿಲ್ಲ

"ಇವತ್ತಿನ ಆಪರೇಷನ್‌ಗಳೆಲ್ಲಿ?" ಎಂದು, ತಮ್ಮ ಆಸ್ಪತ್ರೆಯ ಸಾಫ್ಟ್‌ವೇರ್ ನೋಡಲು ಬಂದಿದ್ದ ಪಶುವೈದ್ಯೆ ಆಫೀಸಿನವರೆಲ್ಲರ ಎದುರು ಪರದೆಯತ್ತ ಬೆರಳು ತೋರಿಸಿದಾಗ, ಪಕ್ಕದಲ್ಲಿ ಕೂತಿದ್ದ ಹಿರಿಯ ಪ್ರೋಗ್ರಾಮರ್‌ಗೆ ಒಳಗೊಳಗೇ ಹೊಟ್ಟೆ ತಣ್ಣಗಾಯಿತು.

ತಾರೀಖು ಕೊಟ್ಟು ದಾಖಲೆ ಹುಡುಕುವ ಆ ಪುಟವನ್ನು ಮಾಡಿದ್ದು ಕಂಪ್ಯೂಟರ್ ಮುಂದೆ ಕೂತಿದ್ದ ಹೊಸಬಳು. ಸೇರಿ ವರ್ಷವೂ ತುಂಬಿಲ್ಲ, ಆಗಲೇ ಆಫೀಸಿನವರ ಬಾಯಲ್ಲೆಲ್ಲ ಅವಳದೇ ಗುಣಗಾನ. ಸೋಮವಾರದಿಂದ ಇವತ್ತಿನವರೆಗೆ ಎಂದು ಕೊಟ್ಟರೆ ಇವತ್ತಿನದು ಬರುವುದೇ ಇಲ್ಲ, ಹಿಂದಿನ ರಾತ್ರಿ ಹನ್ನೆರಡಕ್ಕೇ ಹುಡುಕಾಟ ನಿಂತುಬಿಡುತ್ತದೆ ಎಂಬುದು ಹಿರಿಯಳಿಗೆ ನಿನ್ನೆಯೇ ಕಂಡಿತ್ತು. ಬಾಯಿವರೆಗೆ ಬಂದ ಮಾತನ್ನು ಕಾಫಿ ಜೊತೆ ನುಂಗಿಕೊಂಡಿದ್ದಳು. ಎಲ್ಲರೆದುರು ಒಂದು ಸಲ ಮುಗ್ಗರಿಸಲಿ, ಆಗ ಗೊತ್ತಾಗುತ್ತೆ!

ಈಗ ಬೆವರುತ್ತಾಳೆ, ತಡವರಿಸುತ್ತಾಳೆ ಎಂದು ಕಾದಳು. ಹೊಸಬಳು ಹಣೆ ಚಚ್ಚಿಕೊಂಡು ನಕ್ಕುಬಿಟ್ಟಳು. "ಅಯ್ಯೋ, ನನ್ನದೇ ತಪ್ಪು ಮೇಡಂ. ಹೇಗೆ ಸರಿಮಾಡೋದು ಅಂತ ನಂಗೆ ಗೊತ್ತಿಲ್ಲ." ಎದ್ದು ನಿಂತು ತನ್ನ ಕುರ್ಚಿಯನ್ನು ಹಿರಿಯಳತ್ತ ತಳ್ಳಿದಳು. "ಅಕ್ಕಾ, ನೀವು ಕೂತ್ಕೊಳ್ಳಿ. ನೋಡಿ ಕಲೀತೀನಿ."

ಒಂದೇ ಸಾಲಿನ ಕೆಲಸ. 'ಕೊನೆಯ ತಾರೀಖಿನವರೆಗೆ' ಎಂದಿದ್ದುದನ್ನು 'ಅದರ ಮರುದಿನಕ್ಕಿಂತ ಮೊದಲು' ಎಂದು ಹಿರಿಯಳು ಬದಲಿಸಿದಳು. ಬೆಳಗ್ಗೆ ಕಾಲಿನ ಆಪರೇಷನ್ ಆದ ನಾಯಿ, ಅದರ ಹಿಂದೆ ಎರಡು ಬೆಕ್ಕು, ಪರದೆಯ ಮೇಲೆ ಬಂದು ಕೂತವು. "ಭಲೇ!" ಎಂದರು ವೈದ್ಯೆ. ಹಿರಿಯಳಿಗೆ ಅದು ಕೇಳಿಸಲೇ ಇಲ್ಲ. ಅಷ್ಟು ಜನರೆದುರು 'ನಂಗೆ ಗೊತ್ತಿಲ್ಲ' ಎಂದು ನಗುವುದು ಇಷ್ಟು ವರ್ಷಗಳಲ್ಲಿ ತನಗೆ ಒಮ್ಮೆಯೂ ಸಾಧ್ಯವಾಗಿರಲಿಲ್ಲ. ಹೆಗಲ ಹಿಂದಿನಿಂದ ಬಗ್ಗಿ ನೋಡುತ್ತಿದ್ದ ಹೊಸಬಳ ಮೇಲೆ ಅವಳಿಗೆ ಹಿಂದೆಂದೂ ಇಲ್ಲದಷ್ಟು ಕರುಬು ಉಕ್ಕಿತು.